ನಕ್ಷತ್ರ ಎಣಿಸಿದವರ ಕೂಲಿ

“ಹೊಟ್ಟೆಗೆ ಹಿಟ್ಟಿಲ್ಲದವರಿಗೆ ಜುಟ್ಟಿಗೆ ಮಲ್ಲಿಗೆ ಹೂವೇಕೆ?” ಎಂದು ಕೇಳುವವರು ನಮ್ಮ ನಡುವೆಯೇ ಇದ್ದಾರೆ. ಗಿರಣಿಯಲ್ಲಿ ಪಾಳಿ ಮುಗಿಸಿ ಬಂದವನಿಗೆ, ಸಂತೆಯಲ್ಲಿ ದಿನವಿಡೀ ಕುಳಿತು ನಾಲ್ಕು ಕಾಸು ಗಿಟ್ಟಿಸಿದವನಿಗೆ ನಕ್ಷತ್ರಗಳ ಮಾತು ಯಾತಕ್ಕೆ, ಅದು ಉಂಡು ತೇಗಿದವರ ವಿನೋದ ಎಂಬುದು ಇವರ ವಾದ. ವೇದಿಕೆಯ ಮೇಲೆ ಹಾರ ಹಾಕಿಸಿಕೊಂಡು ಕೂರುವ ದೊಡ್ಡವರ ವಾದ ಬೇರೆ. ವಿಜ್ಞಾನವೆಂಬುದು ಧನಿಕರ ದಾನದಿಂದ ಹುಟ್ಟಿ, ಮಹಾಮೇಧಾವಿಗಳ ತಲೆಯಲ್ಲಿ ಬೆಳೆದು, ಕೊನೆಗೆ ಪ್ರಸಾದದ ಹಾಗೆ ಜನಸಾಮಾನ್ಯರ ಕೈಗೆ ಬೀಳುವ ವಸ್ತು ಎಂದು ಅವರು ಹೇಳುತ್ತಾರೆ. ಮೇಲುನೋಟಕ್ಕೆ ಇವೆರಡೂ ಎದುರುಬದುರಾದ ವಾದಗಳು. ಒಳಹೊಕ್ಕು ನೋಡಿದರೆ ಎರಡೂ ಒಂದೇ. ಆಕಾಶ ದುಡಿಯುವವನದಲ್ಲ ಎಂಬುದನ್ನು ಎರಡೂ ಪಕ್ಷದವರು ಮೊದಲೇ ಒಪ್ಪಿಕೊಂಡು ಕುಳಿತಿದ್ದಾರೆ.

ನಾವು ಒಪ್ಪುವುದಿಲ್ಲ. ಒಪ್ಪದಿರುವುದಕ್ಕೆ ನಮ್ಮಲ್ಲಿ ಲೆಕ್ಕವಿದೆ. ಕಳೆದ ನೂರು ನೂರೈವತ್ತು ವರ್ಷಗಳಲ್ಲಿ ಆಕಾಶದ ವಿಷಯವಾಗಿ ಮನುಷ್ಯನನ್ನು ಬೆಚ್ಚಿ ಬೀಳಿಸಿದ ಸಂಗತಿಗಳು ಕೆಲವುಂಟು. ನಮ್ಮ ಆಕಾಶಗಂಗೆಯೇ ಎಲ್ಲವೂ ಅಲ್ಲ, ಅದರಂತಹವು ಲೆಕ್ಕವಿಲ್ಲದಷ್ಟಿವೆ ಎಂಬುದು ಒಂದು. ವಿಶ್ವವೆಲ್ಲ ಹಿಗ್ಗುತ್ತಿದೆ ಎಂಬುದು ಇನ್ನೊಂದು. ಸೂರ್ಯನೂ ನಕ್ಷತ್ರಗಳೂ ಬಹುಪಾಲು ಜಲಜನಕದ ಉಂಡೆಗಳು, ಸತ್ತ ನಕ್ಷತ್ರವೂ ಗಡಿಯಾರದಂತೆ ಮಿಡಿಯುತ್ತದೆ ಎಂಬುವು ಮತ್ತೆರಡು. ಇವುಗಳ ಹಿಂದೆ ಯಾರ ಕೈ, ಯಾರ ಕಣ್ಣು, ಯಾರ ಬೆನ್ನು ದುಡಿದಿತ್ತು? ಕೂಲಿ ಎಷ್ಟು ಸಿಕ್ಕಿತು? ಹೆಸರು ಯಾರಿಗೆ ಜಮಾ ಆಯಿತು? ಕಿರ್ದಿ ಖಾತೆ ಬರೆಯುವ ನಮ್ಮ ವ್ಯಾಪಾರಿ ಬಂಧುಗಳಿಗೂ, ಮಸ್ಟರ್ ರೋಲಿನಲ್ಲಿ ಹೆಸರಿಗಾಗಿ ಹೋರಾಡಿದ ಕಾರ್ಮಿಕ ಬಂಧುಗಳಿಗೂ ಈ ಪ್ರಶ್ನೆ ಹೊಸದಲ್ಲ. ಪುಸ್ತಕ ತೆಗೆದು ನೋಡೋಣ.

ಗಂಟೆಗೆ 25 ಸೆಂಟು

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವೀಕ್ಷಣಾಲಯಕ್ಕೆ 1877ರಲ್ಲಿ ಎಡ್ವರ್ಡ್ ಪಿಕರಿಂಗ್ ಎಂಬುವರು ನಿರ್ದೇಶಕರಾದರು. ದೂರದರ್ಶಕಕ್ಕೆ ಕ್ಯಾಮೆರಾ ಕಟ್ಟಿ ಗಾಜಿನ ಫಲಕಗಳ ಮೇಲೆ ಆಕಾಶದ ಚಿತ್ರ ತೆಗೆಯುವ ವಿದ್ಯೆ ಅದೇ ಆಗ ಬೆಳೆಯುತ್ತಿತ್ತು. ಒಂದೊಂದು ಫಲಕದ ಮೇಲೂ ಮೆಣಸಿನ ಪುಡಿ ಚೆಲ್ಲಿದಂತೆ ಸಾವಿರಾರು ಚುಕ್ಕೆಗಳು. ಚಿತ್ರ ತೆಗೆಯುವುದು ಒಂದು ರಾತ್ರಿಯ ಕೆಲಸ. ಅದನ್ನು ಓದುವುದು ತಿಂಗಳುಗಟ್ಟಲೆ ಕೆಲಸ. ಪ್ರತಿ ಚುಕ್ಕೆಯ ಸ್ಥಾನ ಅಳೆಯಬೇಕು, ಹೊಳಪು ಅಂದಾಜು ಮಾಡಬೇಕು, ಹಿಂದಿನ ಫಲಕದೊಡನೆ ತಾಳೆ ನೋಡಬೇಕು, ಪಟ್ಟಿಗೆ ಏರಿಸಬೇಕು. ಈ ಕೆಲಸಕ್ಕೆ ಪಿಕರಿಂಗ್ ಹೆಂಗಸರನ್ನು ನೇಮಿಸಿಕೊಂಡರು. ವಾರಕ್ಕೆ ಆರು ದಿನ ಕೆಲಸ. ಕೂಲಿ ಗಂಟೆಗೆ 25 ಸೆಂಟಿನಿಂದ ಆರಂಭ. ಅಂದಿನ ಗಿರಣಿ ಕೂಲಿಗಿಂತ ಕೊಂಚ ಮೇಲು, ಕಚೇರಿಯ ಗುಮಾಸ್ತನ ಸಂಬಳಕ್ಕಿಂತ ಕೆಳಗೆ. ಇವರಲ್ಲಿ ಕೆಲವರು ಕಾಲೇಜು ಮುಗಿಸಿದವರು. ಇವರನ್ನು ‘ಕಂಪ್ಯೂಟರ್’ ಎಂದು ಕರೆಯುತ್ತಿದ್ದರು. ಇಂದು ಯಂತ್ರಕ್ಕಿರುವ ಹೆಸರು ಅಂದು ಲೆಕ್ಕ ಹಾಕುವ ಮನುಷ್ಯರಿಗಿತ್ತು.

ಅವರಲ್ಲಿ ಒಬ್ಬಾಕೆ ವಿಲಿಯಮಿನಾ ಫ್ಲೆಮಿಂಗ್. ಸ್ಕಾಟ್ಲೆಂಡಿನ ಡಂಡಿ ಊರಿನವರು. 1878ರಲ್ಲಿ ಗಂಡನೊಡನೆ ಬಾಸ್ಟನ್ನಿಗೆ ಬಂದರು. ಬಸುರಿ ಹೆಂಗಸನ್ನು ಗಂಡ ಕೈಬಿಟ್ಟು ಹೋದ. ಹೊಟ್ಟೆಪಾಡಿಗೆ ಪಿಕರಿಂಗರ ಮನೆಯಲ್ಲಿಯೇ ಮನೆಗೆಲಸಕ್ಕೆ ಸೇರಿದರು. ಅಲ್ಲಿಂದ ವೀಕ್ಷಣಾಲಯಕ್ಕೆ ಬಂದ ಈ ಮನೆಗೆಲಸದಾಕೆ ನಕ್ಷತ್ರಗಳ ಬೆಳಕನ್ನು ಬಣ್ಣಪಟ್ಟಿಯಾಗಿ ಬಿಡಿಸಿದ ಚಿತ್ರಗಳನ್ನು ಓದಿ, 10,000ಕ್ಕೂ ಹೆಚ್ಚು ನಕ್ಷತ್ರಗಳನ್ನು ವರ್ಗ ವರ್ಗವಾಗಿ ವಿಂಗಡಿಸಿದರು. ಆ ಪಟ್ಟಿ 1890ರಲ್ಲಿ ಅಚ್ಚಾಯಿತು. ಹೊಳಪು ಬದಲಿಸುವ ನಕ್ಷತ್ರಗಳು 310, ಇದ್ದಕ್ಕಿದ್ದಂತೆ ಉರಿದೇಳುವ ನವ್ಯಗಳು 10, ನೀಹಾರಿಕೆಗಳು 59, ಇಷ್ಟನ್ನು ಆಕೆ ಹೊಸದಾಗಿ ಕಂಡುಹಿಡಿದರು. ಮೃಗಶಿರ ಕಾಣುವ ಕಡೆಯಲ್ಲಿ, ಮಹಾವ್ಯಾಧ ಪುಂಜದಲ್ಲಿ, ಕುದುರೆಯ ತಲೆಯಂತೆ ಕಾಣುವ ಕರಿಯ ಮೋಡವೊಂದಿದೆ. ಇಂದು ಶಾಲೆಯ ಪುಸ್ತಕಗಳಲ್ಲೂ ಅದರ ಚಿತ್ರವಿರುತ್ತದೆ. 1888ರ ಒಂದು ಫಲಕದಲ್ಲಿ ಅದನ್ನು ಮೊದಲು ಗುರುತಿಸಿದ ಕಣ್ಣು ಫ್ಲೆಮಿಂಗರದು. 1895ರಲ್ಲಿ ನೀಹಾರಿಕೆಗಳ ಪಟ್ಟಿ ಪ್ರಕಟವಾದಾಗ ಅಲ್ಲಿ ಬಂದದ್ದು ಪಿಕರಿಂಗರ ಹೆಸರು. ತಪ್ಪು ತಿದ್ದಿದ್ದು ವರ್ಷಗಳ ಬಳಿಕ.

1900ರಲ್ಲಿ ಫ್ಲೆಮಿಂಗ್ ಒಂದು ದಿನಚರಿ ಬರೆದಿಟ್ಟಿದ್ದಾರೆ. ಅದರಲ್ಲಿರುವ ದೂರನ್ನು ಯಾವ ಗಿರಣಿಯ ಕಾರ್ಮಿಕನಾದರೂ ತನ್ನದೆಂದು ಗುರುತಿಸಿಯಾನು. ಎಷ್ಟು ಹೊರೆ ಹೊರಿಸಿದರೂ, ಎಷ್ಟು ಹೊತ್ತು ದುಡಿಸಿಕೊಂಡರೂ ಅದು ನನಗೆ ಹೆಚ್ಚಾಯಿತೆಂದು ನಿರ್ದೇಶಕರಿಗೆ ತೋರುವುದಿಲ್ಲ. ಸಂಬಳದ ಮಾತೆತ್ತಿದರೆ ಮಾತ್ರ ‘ಹೆಂಗಸಿಗೆ ಇದು ಒಳ್ಳೆಯ ಸಂಬಳವೇ’ ಎಂಬ ಉತ್ತರ ಬರುತ್ತದೆ. ಇದು ಆಕೆ ಬರೆದುದರ ಸಾರಾಂಶ. ಆಕೆಗೆ ವರ್ಷಕ್ಕೆ 1,500 ಡಾಲರ್. ಅಲ್ಲಿನ ಕೆಲವು ಗಂಡಸು ಸಹಾಯಕರಿಗೆ 2,500 ಡಾಲರ್.

ಪೆಟ್ರೋಮ್ಯಾಕ್ಸ್ ಮತ್ತು ದೂರದ ಲೆಕ್ಕ

ಅದೇ ಕೋಣೆಯಲ್ಲಿ ದುಡಿದ ಇನ್ನೊಬ್ಬಾಕೆ ಹೆನ್ರಿಯೆಟಾ ಲೀವಿಟ್. 1893ರಲ್ಲಿ ಆಕೆ ಬಂದದ್ದು ಸಂಬಳವಿಲ್ಲದ ಸ್ವಯಂಸೇವಕಿಯಾಗಿ. ಮುಂದೆ ಕಾಯಂ ಆದಾಗ ಕೂಲಿ ಗಂಟೆಗೆ 30 ಸೆಂಟು. ಕಿವಿ ಮಂದ. ದಕ್ಷಿಣ ಅಮೆರಿಕದ ಪೆರು ದೇಶದ ಅರೆಕ್ವಿಪಾದಲ್ಲಿ ಹಾರ್ವರ್ಡಿನವರ ಇನ್ನೊಂದು ವೀಕ್ಷಣಾಲಯವಿತ್ತು. ದಕ್ಷಿಣದ ಆಕಾಶದಲ್ಲಿ ಮಾತ್ರ ಚೆನ್ನಾಗಿ ಕಾಣುವ ಮೆಗಲಾನಿಕ್ ಮೋಡಗಳೆಂಬ ಎರಡು ನಕ್ಷತ್ರ ರಾಶಿಗಳ ಫಲಕಗಳು ಅಲ್ಲಿಂದ ಬರುತ್ತಿದ್ದವು. ಲೀವಿಟ್ ಅವನ್ನು ಒಂದರ ಮೇಲೊಂದಿಟ್ಟು ತಾಳೆ ನೋಡಿ, ಹೊಳಪು ಬದಲಿಸುವ 1,777 ನಕ್ಷತ್ರಗಳ ಪಟ್ಟಿಯನ್ನು 1908ರಲ್ಲಿ ಹೊರತಂದರು. ಇವುಗಳಲ್ಲಿ ಕೆಲವು ಒಂದು ಕ್ರಮದಲ್ಲಿ ಹಿಗ್ಗಿ ಕುಗ್ಗಿ, ದಿನಗಳ ಲೆಕ್ಕದಲ್ಲಿ ಉಜ್ವಲವಾಗಿ ಮತ್ತೆ ಮಂಕಾಗುತ್ತವೆ. ಹೆಚ್ಚು ಬೆಳಗುವ ನಕ್ಷತ್ರ ಹೆಚ್ಚು ನಿಧಾನವಾಗಿ ಮಿಡಿಯುತ್ತದೆ ಎಂಬುದು ಆಕೆಯ ಕಣ್ಣಿಗೆ ಬಿತ್ತು. 1912ರಲ್ಲಿ 25 ನಕ್ಷತ್ರಗಳ ಆಧಾರದ ಮೇಲೆ ಈ ನಿಯಮ ಸ್ಥಿರವಾಯಿತು.

ಇದರಿಂದ ಏನಾಯಿತು ಎಂದು ಕೇಳುವಿರಿ. ಕತ್ತಲಲ್ಲಿ ದೂರದಲ್ಲೊಂದು ದೀಪ ಕಾಣುತ್ತದೆ ಎನ್ನಿ. ಅದು ಹತ್ತಿರದ ಬುಡ್ಡಿದೀಪವೋ, ಬಹುದೂರದ ಮದುವೆ ಮೆರವಣಿಗೆಯ ಪೆಟ್ರೋಮ್ಯಾಕ್ಸೋ, ನೋಡಿದ ಮಾತ್ರಕ್ಕೆ ಹೇಳಲಾಗದು. ಅದು ಪೆಟ್ರೋಮ್ಯಾಕ್ಸೇ ಎಂದು ಯಾರಾದರೂ ಖಾತ್ರಿ ಕೊಟ್ಟರೆ, ಎಷ್ಟು ಮಂಕಾಗಿದೆ ಎಂಬುದರಿಂದ ಎಷ್ಟು ದೂರವಿದೆ ಎಂದು ಲೆಕ್ಕ ಕಟ್ಟಬಹುದು. ಎರಡರಷ್ಟು ದೂರ ಹೋದರೆ ಬೆಳಕು ಕಾಲುಭಾಗವಾಗುತ್ತದೆ. ಮೂರರಷ್ಟು ದೂರಕ್ಕೆ ಒಂಬತ್ತರಲ್ಲೊಂದು ಭಾಗ. ಲೀವಿಟ್ ಕೊಟ್ಟದ್ದು ಈ ಖಾತ್ರಿ. ನಕ್ಷತ್ರದ ಮಿಡಿತ ಎಷ್ಟು ದಿನದ್ದು ಎಂದು ಎಣಿಸಿದರೆ ಅದರ ನಿಜವಾದ ಬೆಳಕು ತಿಳಿಯಿತು. ನಿಜವಾದ ಬೆಳಕು ತಿಳಿದರೆ ದೂರ ತಿಳಿಯಿತು. ಆಕಾಶಕ್ಕೆ ಮೊಳಕೋಲು ಸಿಕ್ಕಿದ್ದು ಹೀಗೆ.

1912ರ ಆ ಮೂರು ಪುಟಗಳ ಪ್ರಕಟಣೆಗೆ ಸಹಿ ಹಾಕಿದವರು ಪಿಕರಿಂಗ್. ಮಿಸ್ ಲೀವಿಟ್ ಇದನ್ನು ಸಿದ್ಧಪಡಿಸಿದರು ಎಂದು ಮೊದಲ ವಾಕ್ಯದಲ್ಲಿ ಹೇಳಿದ್ದಾರೆ. ಅಷ್ಟು ಪ್ರಾಮಾಣಿಕತೆ ಅವರಿಗಿತ್ತು. ಆದರೆ ತಾನು ಕಂಡ ನಿಯಮದ ಬೆನ್ನು ಹತ್ತಿ ಮುಂದೆ ಹೋಗುವ ಅವಕಾಶ ಲೀವಿಟ್‌ಗೆ ಸಿಗಲಿಲ್ಲ. ನಕ್ಷತ್ರಗಳ ಹೊಳಪಿನ ಅಳತೆಗೋಲು ಸಿದ್ಧಪಡಿಸುವ ಬೇರೆ ಕೆಲಸಕ್ಕೆ ಹಚ್ಚಲಾಯಿತು. ಗಂಟೆಯ ಕೂಲಿಗೆ ದುಡಿಯುವವಳು ಹೇಳಿದ ಕೆಲಸ ಮಾಡಬೇಕು. ಪ್ರಶ್ನೆಯನ್ನು ಆರಿಸಿಕೊಳ್ಳುವ ಹಕ್ಕು ಅವಳದಲ್ಲ.

1923ರ ಅಕ್ಟೋಬರದಲ್ಲಿ ಕ್ಯಾಲಿಫೋರ್ನಿಯದ ಮೌಂಟ್ ವಿಲ್ಸನ್ ವೀಕ್ಷಣಾಲಯದಲ್ಲಿ ಎಡ್ವಿನ್ ಹಬಲ್ ಎಂಬ ವಿಜ್ಞಾನಿ ದೇವಯಾನಿ ಪುಂಜದ ಸುಳಿಯಾಕಾರದ ನೀಹಾರಿಕೆಯಲ್ಲಿ ಇಂತಹ ಮಿಡಿಯುವ ನಕ್ಷತ್ರವೊಂದನ್ನು ಕಂಡರು. ಲೀವಿಟ್ ಕೊಟ್ಟ ಮೊಳಕೋಲು ಹಿಡಿದು ಅಳೆದರೆ ಬಂದ ದೂರ ಸುಮಾರು 9 ಲಕ್ಷ ಜ್ಯೋತಿರ್ವರ್ಷ. ಇಂದಿನ ಲೆಕ್ಕದಲ್ಲಿ ಅದು 25 ಲಕ್ಷ. ನಮ್ಮ ಆಕಾಶಗಂಗೆಯ ಅಡ್ಡಳತೆ ಒಂದು ಲಕ್ಷ ಜ್ಯೋತಿರ್ವರ್ಷದ ಆಸುಪಾಸು. ಹಾಗಾದರೆ ಆ ನೀಹಾರಿಕೆ ನಮ್ಮೊಳಗಿನ ಮೋಡವಲ್ಲ. ಹೊರಗಿನ ಇನ್ನೊಂದು ಆಕಾಶಗಂಗೆ! 1925ರ ಜನವರಿ 1ರಂದು ವಿಜ್ಞಾನಿಗಳ ಸಭೆಯಲ್ಲಿ ಈ ಸಂಗತಿಯನ್ನು ಓದಲಾಯಿತು. ಮನುಷ್ಯ ತಾನಿರುವ ಮನೆಯೇ ಲೋಕವೆಂದುಕೊಂಡಿದ್ದ. ಬಾಗಿಲು ತೆರೆದರೆ ಹೊರಗೆ ಕೊನೆಯಿಲ್ಲದ ಊರು.

ಆ ವೇಳೆಗೆ ಲೀವಿಟ್ ಇರಲಿಲ್ಲ. 1921ರ ಡಿಸೆಂಬರಿನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡಿದ್ದರು. ಆಕೆ ಬಿಟ್ಟುಹೋದ ಒಟ್ಟು ಆಸ್ತಿ ಸುಮಾರು 315 ಡಾಲರ್. 1925ರಲ್ಲಿ ಸ್ವೀಡನ್ನಿನ ಗಣಿತಜ್ಞ ಮಿಟಾಗ್-ಲೆಫ್ಲರ್ ಆಕೆಯ ಹೆಸರನ್ನು ನೊಬೆಲ್ ಬಹುಮಾನಕ್ಕೆ ಸೂಚಿಸಬೇಕೆಂದು ಕಾಗದ ಬರೆದರು. ಕಾಗದ ಬಂದಾಗ ಆಕೆ ಸತ್ತು ಮೂರು ವರ್ಷ ಮೀರಿತ್ತು.

ಯಾರ ದುಡ್ಡು, ಯಾರ ಬೆವರು?

ಹಬಲ್ ನೋಡಿದ 100 ಅಂಗುಲದ ದೂರದರ್ಶಕಕ್ಕೆ ಹೂಕರ್ ಎಂಬ ಲಾಸ್ ಏಂಜಲೀಸಿನ ಕಬ್ಬಿಣ ಸಾಮಾನಿನ ವರ್ತಕನ ಹೆಸರಿದೆ. ವೀಕ್ಷಣಾಲಯವನ್ನು ನಡೆಸಿದ ನಿಧಿ ಆಂಡ್ರೂ ಕಾರ್ನೆಗಿಯದು. ಇಂಥವರ ದಾನವಿಲ್ಲದಿದ್ದರೆ ಇದೆಲ್ಲಿ ಬರುತ್ತಿತ್ತು ಎಂದು ಕೇಳುವವರಿಗೆ ನಮ್ಮ ಮರುಪ್ರಶ್ನೆ: ಕಾರ್ನೆಗಿಗೆ ಆ ಹಣ ಎಲ್ಲಿಂದ ಬಂತು? ಆತ ಉಕ್ಕಿನ ಕಾರ್ಖಾನೆಗಳ ಧಣಿ. 1892ರಲ್ಲಿ ಪೆನ್ಸಿಲ್ವೇನಿಯದ ಹೋಮ್‌ಸ್ಟೆಡ್ ಕಾರ್ಖಾನೆಯಲ್ಲಿ ಕೂಲಿ ಇಳಿಸಹೊರಟಾಗ ಸಂಘದ ಕಾರ್ಮಿಕರು ಒಪ್ಪಲಿಲ್ಲ. ಗೇಟಿಗೆ ಬೀಗ ಬಿತ್ತು. ಪಿಂಕರ್ಟನ್ ಎಂಬ ಖಾಸಗಿ ಪಹರೆಯವರನ್ನು ಬಂದೂಕು ಸಮೇತ ದೋಣಿಗಳಲ್ಲಿ ತಂದಿಳಿಸಲು ನೋಡಿದರು. ಜುಲೈ 6ರಂದು ಅಲ್ಲಿ ರಕ್ತ ಹರಿಯಿತು, ಕಾರ್ಮಿಕರು ಸತ್ತರು. ಸಂಘ ಮುರಿಯಿತು. ಹತ್ತು ವರ್ಷಗಳ ತರುವಾಯ, 1902ರಲ್ಲಿ, ಅದೇ ಧಣಿಯ ದಾನದಿಂದ ವಿಜ್ಞಾನ ಸಂಸ್ಥೆ ಸ್ಥಾಪನೆಯಾಯಿತು. ಹೋಮ್‌ಸ್ಟೆಡ್ಡಿನ ಕುಲುಮೆಯ ಮುಂದೆ ಬೆಂದವನ ಕೂಲಿಯ ಒಂದು ಪಾಲು ಮೌಂಟ್ ವಿಲ್ಸನ್ ಬೆಟ್ಟದ ಮೇಲೆ ನಿಂತಿತು. ದೇಣಿಗೆಯ ಫಲಕದಲ್ಲಿ ಅವನ ಹೆಸರಿಲ್ಲ ಎಂಬುದಷ್ಟೇ ವ್ಯತ್ಯಾಸ. ಷಿಕಾಗೋ ವಿಶ್ವವಿದ್ಯಾಲಯಕ್ಕೆ 1897ರಲ್ಲಿ 40 ಅಂಗುಲದ ದೂರದರ್ಶಕ ಕೊಡಿಸಿದ ಯರ್ಕಿಸ್ ಎಂಬಾತನಾದರೋ ಟ್ರಾಮು ಕಂಪೆನಿಗಳ ಒಡೆಯ. ಸಾರ್ವಜನಿಕ ಹಣದ ವ್ಯವಹಾರದಲ್ಲಿ ಒಮ್ಮೆ ಜೈಲು ಕಂಡು ಬಂದವನು. ದಾನವೆಂಬ ಮಾತನ್ನು ಬಳಸುವ ಮುನ್ನ ಜಮೆಯ ಪುಟವನ್ನು ತಿರುವಿ ನೋಡಬೇಕು.

ಅದೇ ಬೆಟ್ಟದ ಮೇಲೆ ಇನ್ನೊಬ್ಬನಿದ್ದ. ಮಿಲ್ಟನ್ ಹ್ಯೂಮಸನ್. ಹದಿನಾಲ್ಕು ವರ್ಷಕ್ಕೆ ಶಾಲೆ ಬಿಟ್ಟವನು. ವೀಕ್ಷಣಾಲಯ ಕಟ್ಟುವಾಗ ಹೇಸರಗತ್ತೆಗಳ ಮೇಲೆ ಸಾಮಾನು ಹೇರಿಕೊಂಡು ಬೆಟ್ಟ ಹತ್ತಿಸುವುದು ಅವನ ಕೆಲಸ. 1917ರಲ್ಲಿ ಅಲ್ಲೇ ಜವಾನನಾಗಿ ಸೇರಿ ಕಸ ಗುಡಿಸಿದ. ರಾತ್ರಿ ವೇಳೆ ದೂರದರ್ಶಕ ನಡೆಸುವುದನ್ನು ಕಲಿತ. ಈತನ ಕೈಚಳಕ ಕಂಡ ನಿರ್ದೇಶಕ ಹೇಲ್, ಪದವಿಯಿಲ್ಲವೆಂಬ ತಕರಾರನ್ನು ಬದಿಗಿಟ್ಟು, ಸಿಬ್ಬಂದಿಯಲ್ಲಿ ಸೇರಿಸಿಕೊಂಡರು. ದೂರದ ಆಕಾಶಗಂಗೆಗಳ ಮಸುಕು ಬೆಳಕನ್ನು ರಾತ್ರಿ ರಾತ್ರಿ ಕೊರೆಯುವ ಚಳಿಯಲ್ಲಿ ನಿಂತು ಹಿಡಿದವನು ಈ ಹ್ಯೂಮಸನ್. ದೂರ ಸರಿಯುವ ರೈಲಿನ ಸಿಳ್ಳು ತಗ್ಗಿದಂತೆ ಕೇಳುತ್ತದಲ್ಲವೆ? ಅದೇ ರೀತಿ ದೂರ ಸರಿಯುವ ವಸ್ತುವಿನ ಬೆಳಕು ಕೆಂಪಿನ ಕಡೆಗೆ ವಾಲುತ್ತದೆ. 1929ರಲ್ಲಿ ಆತ ಅಳೆದ ಒಂದು ಆಕಾಶಗಂಗೆ ಸೆಕೆಂಡಿಗೆ 3,779 ಕಿಲೋಮೀಟರ್ ವೇಗದಲ್ಲಿ ಹಿಂದೆ ಸರಿಯುತ್ತಿತ್ತು. ಹೆಚ್ಚು ದೂರವಿದ್ದಷ್ಟೂ ಹೆಚ್ಚು ವೇಗ. ಎಂದರೆ ವಿಶ್ವವೇ ಹಿಗ್ಗುತ್ತಿದೆ. ಆ ನಿಯಮಕ್ಕೆ ಹಬಲ್ ಹೆಸರು ಬಂತು. 2018ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಮತದಿಂದ ಬೆಲ್ಜಿಯಮ್ಮಿನ ಲೆಮೇತ್ರ್ ಎಂಬುವರ ಹೆಸರೂ ಸೇರಿತು. ಹ್ಯೂಮಸನ್ ಹೆಸರು ಇನ್ನೂ ಸೇರಿಲ್ಲ.

ಸಲಕರಣೆಯ ಬಾಬಿನಲ್ಲಿ ಒಬ್ಬ ವಿಜ್ಞಾನಿ

ಹಾರ್ವರ್ಡಿಗೆ ಮತ್ತೊಮ್ಮೆ ಹೋಗೋಣ. 1925ರಲ್ಲಿ ಸಿಸಿಲಿಯಾ ಪೇನ್ ಎಂಬ ಇಂಗ್ಲೆಂಡಿನ ತರುಣಿ ಅಲ್ಲಿ ತನ್ನ ಪ್ರಬಂಧ ಮುಗಿಸಿದರು. ಫ್ಲೆಮಿಂಗ್ ಮತ್ತು ಅವರ ಸಂಗಡಿಗರು ಕೂಡಿಟ್ಟ ಬಣ್ಣಪಟ್ಟಿಗಳ ಮೇಲೆ, ನಮ್ಮ ದೇಶದ ಮೇಘನಾದ ಸಹಾ ಕೊಟ್ಟ ಸೂತ್ರವನ್ನು ಪ್ರಯೋಗಿಸಿ, ನಕ್ಷತ್ರಗಳಲ್ಲಿರುವುದು ಬಹುಪಾಲು ಜಲಜನಕ ಮತ್ತು ಹೀಲಿಯಂ ಎಂದು ತೋರಿಸಿದರು. ಸೂರ್ಯನೂ ಭೂಮಿಯೂ ಒಂದೇ ಬಗೆಯ ಪದಾರ್ಥದಿಂದಾದುವು ಎಂದು ಅಲ್ಲಿಯವರೆಗೆ ದೊಡ್ಡವರೆಲ್ಲ ನಂಬಿದ್ದರು. ಆಗಿನ ದೊಡ್ಡ ಹೆಸರಾದ ಹೆನ್ರಿ ನಾರಿಸ್ ರಸೆಲ್ ‘ಇದು ಅಸಾಧ್ಯ’ ಎಂದರು. ಪೇನ್ ತಮ್ಮ ಫಲಿತಾಂಶ ಬಹುಶಃ ನಿಜವಲ್ಲ ಎಂದು ತಮ್ಮ ಕೈಯಿಂದಲೇ ಬರೆಯಬೇಕಾಯಿತು. ನಾಲ್ಕೇ ವರ್ಷದಲ್ಲಿ, 1929ರಲ್ಲಿ, ರಸೆಲ್ ಬೇರೊಂದು ದಾರಿಯಿಂದ ಅದೇ ತೀರ್ಮಾನಕ್ಕೆ ಬಂದರು.

ಪೇನ್‌ಗೆ ಸಂಬಳ ಎಲ್ಲಿಂದ ಬರುತ್ತಿತ್ತು ಗೊತ್ತೆ? ವೀಕ್ಷಣಾಲಯದ ‘ಸಲಕರಣೆ’ ಬಾಬಿನಿಂದ! ದೂರದರ್ಶಕದ ಮಸೂರಕ್ಕೆ, ಗಾಜಿನ ಫಲಕಕ್ಕೆ, ದೀಪದೆಣ್ಣೆಗೆ ಇಟ್ಟ ಬಾಬು. ಆಕೆ ಪಾಠ ಹೇಳುತ್ತಿದ್ದರು. ಆ ಪಾಠಗಳು 1945ರವರೆಗೆ ವಿಶ್ವವಿದ್ಯಾಲಯದ ಪಟ್ಟಿಯಲ್ಲಿ ಕಾಣಿಸಲಿಲ್ಲ. ಪ್ರೊಫೆಸರ್ ಹುದ್ದೆ ಬಂದದ್ದು 1956ರಲ್ಲಿ. ಮನುಷ್ಯನನ್ನು ಯಂತ್ರದ ಬಾಬಿನಲ್ಲಿ ಬರೆಯುತ್ತಾರೆ ಎಂಬುದು ಕಾರ್ಮಿಕರ ಬಾಯಲ್ಲಿ ಬರೀ ಗಾದೆಯ ಮಾತು ಎಂದು ತಿಳಿದವರು ಈ ಲೆಕ್ಕಪುಸ್ತಕ ನೋಡಲಿ.

ಹೆಸರಿಲ್ಲದ ಮೂರನೆಯ ಕುರ್ಚಿ

ಇದೆಲ್ಲ ಹಳೆಯ ಕಾಲದ ಕತೆ ಎಂದು ತಳ್ಳಿಹಾಕುವವರಿಗೆ 1967ರ ಕೇಂಬ್ರಿಜ್ ಉದಾಹರಣೆ ಇದೆ. ಅಲ್ಲಿ ಜೋಸಲಿನ್ ಬೆಲ್ ಎಂಬ ಸಂಶೋಧನ ವಿದ್ಯಾರ್ಥಿನಿ ಜತೆಯವರೊಡನೆ ಎರಡು ವರ್ಷ ಸುತ್ತಿಗೆ ಹಿಡಿದು ನಾಲ್ಕೂವರೆ ಎಕರೆ ಬಯಲಿನಲ್ಲಿ 1,000ಕ್ಕೂ ಹೆಚ್ಚು ಗೂಟ ನೆಟ್ಟರು, ಸುಮಾರು 120 ಮೈಲಿ ತಂತಿ ಎಳೆದರು. ಆಕಾಶದ ರೇಡಿಯೋ ಅಲೆಗಳನ್ನು ಹಿಡಿಯುವ ಬಲೆ ಅದು. ಬಲೆಗೆ ಬಿದ್ದುದನ್ನು ಒಂದು ಲೇಖನಿ ಕಾಗದದ ಸುರುಳಿಯ ಮೇಲೆ ಗೀಚುತ್ತಿತ್ತು. ದಿನಕ್ಕೆ 100 ಅಡಿಯಷ್ಟು ಕಾಗದ. ಅದಷ್ಟನ್ನೂ ಕಣ್ಣಿಂದಲೇ ಓದಬೇಕು. ಆಗಸ್ಟಿನಲ್ಲಿ ಆ ಸುರುಳಿಯಲ್ಲಿ ಅಂಗುಲಕ್ಕೂ ಕಡಿಮೆ ಜಾಗದ ಒಂದು ಗೀಚು ಆಕೆಯ ಕಣ್ಣಿಗೆ ವಿಚಿತ್ರವಾಗಿ ಕಂಡಿತು. ಮನುಷ್ಯರು ಎಬ್ಬಿಸಿದ ಗದ್ದಲವಿರಬೇಕೆಂದು ಮಾರ್ಗದರ್ಶಕ ಹ್ಯೂಯಿಷ್ ಮೊದಲು ಭಾವಿಸಿದರು. ಆಕೆ ಬಿಡಲಿಲ್ಲ. ನವೆಂಬರ್ 28ರಂದು ಕಾಗದವನ್ನು ವೇಗವಾಗಿ ಓಡಿಸಿ ಹಿಡಿದಾಗ, 1.33 ಸೆಕೆಂಡಿಗೊಂದರಂತೆ ತಪ್ಪದೆ ಬರುವ ಮಿಡಿತ ಕಂಡಿತು. ಬೇರೆ ಲೋಕದ ಜೀವಿಗಳ ಸಂಕೇತವೇನೋ ಎಂದು ಹಾಸ್ಯಕ್ಕೆ ಹೆಸರಿಟ್ಟದ್ದೂ ಆಯಿತು. ಆಕಾಶದ ಇನ್ನೊಂದು ಮೂಲೆಯಲ್ಲಿ ಅಂತಹುದೇ ಎರಡನೆಯದನ್ನು ಆಕೆಯೇ ಕಂಡುಹಿಡಿದಾಗ ಆ ಶಂಕೆ ಹೋಯಿತು. ಅವು ಸತ್ತ ನಕ್ಷತ್ರಗಳ ತಿರುಳುಗಳು: ಸೂರ್ಯನಿಗಿಂತ ಹೆಚ್ಚು ತೂಕ, ಅಡ್ಡಳತೆ ಸುಮಾರು 20 ಕಿಲೋಮೀಟರ್, ಬುಗುರಿಯಂತೆ ತಿರುಗುತ್ತ ರೇಡಿಯೋ ಅಲೆ ಬೀಸುವ ಪಲ್ಸಾರುಗಳು.

1974ರಲ್ಲಿ ಇದಕ್ಕೆ ನೊಬೆಲ್ ಬಂತು. ಹ್ಯೂಯಿಷ್‌ಗೆ ಪಲ್ಸಾರಿಗಾಗಿ, ಜತೆಗೆ ಮಾರ್ಟಿನ್ ರೈಲ್ ಅವರಿಗೆ ಬೇರೊಂದು ಸಾಧನೆಗಾಗಿ. ನೊಬೆಲ್ ನಿಯಮದಂತೆ ಒಂದು ಬಹುಮಾನವನ್ನು ಮೂವರಿಗೆ ಹಂಚಬಹುದು. ಆ ವರ್ಷ ಹಂಚಿದ್ದು ಇಬ್ಬರಿಗೆ. ಮೂರನೆಯ ಕುರ್ಚಿ ಖಾಲಿಯಿತ್ತು. ಖ್ಯಾತ ವಿಜ್ಞಾನಿ ಫ್ರೆಡ್ ಹಾಯ್ಲ್ ಇದನ್ನು ಬಹಿರಂಗವಾಗಿ ಖಂಡಿಸಿದರು.

ಕೋಲಾರದ ಸುರಂಗದಲ್ಲಿ ಸಿಕ್ಕ ಆಕಾಶ

ಇಷ್ಟು ಹೊತ್ತು ಪರದೇಶದ ಮಾತಾಯಿತು. ನಮ್ಮ ನೆಲದಲ್ಲೇ ನಡೆದದ್ದೊಂದಿದೆ. ಅದು ಬೆಟ್ಟದ ಮೇಲೆ ನಡೆದದ್ದಲ್ಲ, ಕೋಲಾರದ ಚಿನ್ನದ ಗಣಿಯ ತಳದಲ್ಲಿ.

ಬಾಹ್ಯಾಕಾಶದಿಂದ ಸೂಕ್ಷ್ಮ ಕಣಗಳ ಮಳೆ ಸದಾ ಭೂಮಿಯ ಮೇಲೆ ಸುರಿಯುತ್ತಿರುತ್ತದೆ. ಅವು ಗಾಳಿಗೆ ಬಡಿದಾಗ ನ್ಯೂಟ್ರಿನೋ ಎಂಬ ಕಣಗಳು ಹುಟ್ಟುತ್ತವೆ. ಭೂಮಿಯನ್ನೇ ತೂರಿ ಆಚೆಗೆ ಹೋಗಬಲ್ಲವು ಅವು. ಸಿಕ್ಕುವುದು ಅಪರೂಪದಲ್ಲಿ ಅಪರೂಪ. ಮೇಲೆ ಬೇರೆ ಕಣಗಳ ಗದ್ದಲವಿರುವುದರಿಂದ ಅವನ್ನು ಗುರುತಿಸಲಾಗದು. ಗದ್ದಲವನ್ನೆಲ್ಲ ತಡೆಯಬಲ್ಲ ದಪ್ಪ ಬಂಡೆಯ ಚಾವಣಿ ಬೇಕು. ಅಂಥ ಚಾವಣಿ ಲೋಕದಲ್ಲಿ ಸಿಗುತ್ತಿದ್ದದ್ದು ಕೆಲವೇ ಕಡೆ. ಅದರಲ್ಲೊಂದು ಕೋಲಾರದ ಚಾಂಪಿಯನ್ ರೀಫ್ ಗಣಿ. ಮೂರು ಕಿಲೋಮೀಟರಿಗೂ ಮಿಗಿಲಾದ ಆಳ. 1951ರಿಂದಲೇ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ಬಿ. ವಿ. ಶ್ರೀಕಂಠನ್ ಮೊದಲಾದವರು ಅಲ್ಲಿ ಕಣಗಳನ್ನು ಎಣಿಸತೊಡಗಿದ್ದರು. ಆಳಕ್ಕಿಳಿದಂತೆ ಎಣಿಕೆ ಇಳಿಯುತ್ತ ಬಂತು. ಎರಡೂಮುಕ್ಕಾಲು ಕಿಲೋಮೀಟರ್ ಆಳದಲ್ಲಿ ಸುಮಾರು ಎರಡು ತಿಂಗಳು ಕಾದರೂ ಒಂದೂ ಬರಲಿಲ್ಲ. ಅಲ್ಲಿ ನ್ಯೂಟ್ರಿನೋ ಬಂದರೆ ಗುರುತು ಸಿಕ್ಕುವುದೆಂದು ಖಾತ್ರಿಯಾಯಿತು. ಟಾಟಾ ಸಂಸ್ಥೆ, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಗಳವರು ಸೇರಿ 7,600 ಅಡಿ ಆಳದಲ್ಲಿ ಉಪಕರಣಗಳನ್ನು ಹೂಡಿದರು. 1965ರಲ್ಲಿ, ಗಾಳಿಯಲ್ಲಿ ಹುಟ್ಟಿದ ನ್ಯೂಟ್ರಿನೋವಿನ ಗುರುತು ಅಲ್ಲಿ ಸಿಕ್ಕಿತು. ಆಗಸ್ಟ್ 15ರ ಸಂಚಿಕೆಯಲ್ಲಿ ಪ್ರಬಂಧ ಅಚ್ಚಾಯಿತು. ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿ ಪ್ರಯೋಗ ನಡೆಸುತ್ತಿದ್ದ ಇನ್ನೊಂದು ತಂಡದ ಪ್ರಬಂಧ ಪ್ರಕಟವಾದದ್ದು ಅದಾದ ಎರಡು ವಾರಕ್ಕೆ.

ಆ 7,600 ಅಡಿಗಳನ್ನು ಕೊರೆದವರು ಯಾರು? 1880ರಲ್ಲಿ ಜಾನ್ ಟೇಲರ್ ಎಂಬ ಇಂಗ್ಲಿಷ್ ಕಂಪೆನಿ ಬಂದಂದಿನಿಂದ ತಲೆಮಾರುಗಟ್ಟಲೆ ಕೆಳಗಿಳಿದ ಕಾರ್ಮಿಕರು. ಬಹುಪಾಲು ಉತ್ತರ ಆರ್ಕಾಟಿನ ಕಡೆಯಿಂದ ಬಂದ ದಲಿತ ಬಡವರು. ತಳದಲ್ಲಿ ಬಂಡೆಯ ಶಾಖ 60 ಡಿಗ್ರಿ ಮೀರುತ್ತಿತ್ತು. ಒತ್ತಡಕ್ಕೆ ಬಂಡೆ ಸಿಡಿದು ಸತ್ತವರೆಷ್ಟೋ. ಕಲ್ಲಿನ ಧೂಳು ಕುಡಿದು ಶ್ವಾಸಕೋಶ ಕಲ್ಲಾದವರೆಷ್ಟೋ. ಚಿನ್ನ ಲಂಡನ್ನಿಗೆ ಹೋಯಿತು. ಅವರು ತೋಡಿಟ್ಟ ಟೊಳ್ಳು ಮಾತ್ರ ಇಲ್ಲಿ ಉಳಿಯಿತು. ಆ ಟೊಳ್ಳಿನಲ್ಲಿ ಆಕಾಶ ಸಿಕ್ಕಿತು. ಪ್ರಬಂಧದ ಲೇಖಕರ ಸಾಲಿನಲ್ಲಿ ಅವರನ್ನು ಹುಡುಕಬೇಡಿ. ವಿಜ್ಞಾನಿಗಳನ್ನು ಇಳಿಸಿ ಏರಿಸಿದ ತೊಟ್ಟಿಲು ಯಂತ್ರದ ಚಾಲಕ, ನೀರು ಹೊರಹಾಕಿದ ಪಂಪಿನ ಆಳು, ಚಾವಣಿ ಕುಸಿಯದಂತೆ ಮರ ಆನಿಸಿದ ಬಡಗಿ, ಇವರಿಲ್ಲದೆ ಆ ಪ್ರಯೋಗ ಒಂದು ದಿನವೂ ನಡೆಯುತ್ತಿರಲಿಲ್ಲ.

ಗಣಿಯ ಕೆಲಸ ಕುಗ್ಗುತ್ತ ಬಂದಂತೆ 1990ರ ದಶಕದ ಆರಂಭದಲ್ಲಿ ಪ್ರಯೋಗಗಳೂ ನಿಂತವು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಪಂಪುಗಳು ನಿಂತ ಮೇಲೆ ಸುರಂಗಗಳಲ್ಲಿ ನೀರು ತುಂಬಿತು. ಜಪಾನಿನ ಕಮಿಯೊಕಾ ಗಣಿಯಲ್ಲಿ ಇದೇ ನ್ಯೂಟ್ರಿನೋಗಳ ಮೇಲೆ ನಡೆದ ಕೆಲಸಕ್ಕೆ 2015ರಲ್ಲಿ ನೊಬೆಲ್ ಬಂತು. ಅವರು ಅದಕ್ಕೆ ಅರ್ಹರು, ಸಂಶಯವಿಲ್ಲ. ಆದರೆ ಗಣಿಯ ಲಾಭನಷ್ಟವನ್ನು ಬರೀ ಚಿನ್ನದ ತೂಕದಲ್ಲಿ ಎಣಿಸಿದವರ ಲೆಕ್ಕಕ್ಕೆ ಈ ಜ್ಞಾನ ಬರಲೇ ಇಲ್ಲ. ಕೆಲಸ ಹೋದ ಕಾರ್ಮಿಕನೂ ಬರಲಿಲ್ಲ.

ಎದುರು ವಾದಗಳು

ನಮಗೆ ಎದುರಾಗಿ ಮೂರು ವಾದ ಬರುತ್ತವೆ. ಮೊದಲನೆಯದು: ಬೇರೆಯವರು ಬಾಗಿಲೇ ತೆರೆಯದಿದ್ದಾಗ ಪಿಕರಿಂಗ್ ಹೆಂಗಸರಿಗೆ ಕೆಲಸವಾದರೂ ಕೊಟ್ಟರಲ್ಲ? ನಿಜ, ಕೊಟ್ಟರು. ಅದಕ್ಕೆ ಅವರಿಗೆ ಸಲ್ಲಬೇಕಾದದ್ದು ಸಲ್ಲಲಿ. ಆದರೆ ‘ನಾನು ಕೆಲಸ ಕೊಡದಿದ್ದರೆ ನೀನು ಉಪವಾಸ’ ಎಂಬುದು ಧಣಿಗಳ ಹಳೆಯ ಮಾತು. ಕಡಿಮೆ ಕೂಲಿಗೆ ಹೆಚ್ಚು ಕೆಲಸ ಸಿಗುತ್ತದೆ ಎಂಬ ಲೆಕ್ಕವೂ ಆ ಔದಾರ್ಯದ ಒಳಗಿತ್ತು.

ಎರಡನೆಯದು: ಆಳುಗಳು ಕೈಕೆಲಸ ಮಾಡಿದರು, ಅರ್ಥ ಕಂಡವರು ದೊಡ್ಡವರು. ಇದು ಶುದ್ಧ ಸುಳ್ಳು. ಮಿಡಿತಕ್ಕೂ ಬೆಳಕಿಗೂ ನಂಟು ಕಂಡದ್ದು ಲೀವಿಟ್. ಗೀಚನ್ನು ಗದ್ದಲವಲ್ಲ ಎಂದು ಹಟ ಹಿಡಿದದ್ದು ಬೆಲ್. ಜಲಜನಕದ ಸತ್ಯ ಕಂಡದ್ದು ಪೇನ್. ಅದು ಸುಳ್ಳೆಂದದ್ದು ದೊಡ್ಡವರು. ಹಬಲ್, ಹ್ಯೂಯಿಷ್ ಇವರ ಸಾಧನೆಯನ್ನು ನಾವು ಒಂದು ಗುಲಗಂಜಿಯಷ್ಟೂ ಕಡಿಮೆ ಮಾಡುವುದಿಲ್ಲ. ಸೀರೆ ನೇಯುವಲ್ಲಿ ನಕ್ಷೆ ಬರೆದವನಿಗೂ ಸ್ಥಾನವಿದೆ, ಮಗ್ಗದವನಿಗೂ ಇದೆ. ಸೀರೆಯ ಮೇಲೆ ಅಂಗಡಿಯ ಮುದ್ರೆ ಮಾತ್ರ ಇರಬೇಕೆಂದರೆ ತಕರಾರು.

ಮೂರನೆಯದು: ಬೆಲ್ ಅವರೇ ದೂರಲಿಲ್ಲ, ನಿಮಗೇನು? ಹೌದು. ವಿದ್ಯಾರ್ಥಿಗಳಿಗೆ ನೊಬೆಲ್ ಕೊಡುವುದು ತೀರ ಅಪರೂಪಕ್ಕೆ ಮಾತ್ರ ಸರಿ, ತನ್ನದು ಅಂತಹ ಸಂದರ್ಭವೆಂದು ತೋರುವುದಿಲ್ಲ ಎಂದು ಆಕೆ 1977ರಲ್ಲಿ ಹೇಳಿದರು. ಅದು ಆಕೆಯ ದೊಡ್ಡತನ. ಬಾಕಿದಾರನು ಕೇಳಲಿಲ್ಲವೆಂದು ಸಾಲ ತೀರುವುದಿಲ್ಲ. ಆಕೆ ಮುಂದೆ ಏನು ಮಾಡಿದರು ಎಂಬುದನ್ನೂ ನೋಡಿ. 2018ರಲ್ಲಿ ಬೇರೊಂದು ದೊಡ್ಡ ಬಹುಮಾನ ಬಂತು, 30 ಲಕ್ಷ ಡಾಲರ್. ಅದಷ್ಟನ್ನೂ, ಭೌತವಿಜ್ಞಾನದ ಬಾಗಿಲು ಸುಲಭವಾಗಿ ತೆರೆಯದ ವರ್ಗಗಳ ವಿದ್ಯಾರ್ಥಿಗಳ ವೇತನಕ್ಕೆಂದು ಬಿಟ್ಟುಕೊಟ್ಟರು. ತಾನು ನಿಂತಿದ್ದ ಬಾಗಿಲಲ್ಲಿ ಇನ್ನೊಬ್ಬರು ನಿಲ್ಲಬಾರದು ಎಂಬುದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

ಆಕಾಶ ಉಂಡು ತೇಗಿದವರ ವಿನೋದ ಎನ್ನುವ ನಮ್ಮವರಿಗೂ ಒಂದು ಮಾತು. ಜೆಸ್ಸೋರಿನ ಖಜಾನೆಯಲ್ಲಿ ನಾಣ್ಯ ಎಣಿಸುವ ಗುಮಾಸ್ತರೊಬ್ಬರಿದ್ದರು, ರಾಧಾಗೋವಿಂದ ಚಂದ್ರ. ಪ್ರವೇಶ ಪರೀಕ್ಷೆಯನ್ನೂ ಪಾಸು ಮಾಡಲಾಗದವರು. ಹಗಲು ಸರಕಾರದ ಕಾಸು ಎಣಿಸಿದರು, ರಾತ್ರಿ ನಕ್ಷತ್ರ ಎಣಿಸಿದರು. 1918ರಲ್ಲಿ ಗರುಡ ಪುಂಜದಲ್ಲಿ ಉರಿದೆದ್ದ ನವ್ಯವನ್ನು ತಮ್ಮ ಕಣ್ಣಿಂದಲೇ ಗುರುತಿಸಿದರು. ಬದಲಾಗುವ ನಕ್ಷತ್ರಗಳ 37,000ಕ್ಕೂ ಹೆಚ್ಚು ಅಳತೆಗಳನ್ನು ಅಮೆರಿಕದ ವೀಕ್ಷಕರ ಸಂಘಕ್ಕೆ ಕಳಿಸಿದರು. ಅವರು ಒಂದು ದೂರದರ್ಶಕವನ್ನೇ ಕಳಿಸಿಕೊಟ್ಟರು. ಇವರ ಹೊಟ್ಟೆಗೇನೂ ಹಿಟ್ಟು ಹೆಚ್ಚಾಗಿರಲಿಲ್ಲ. ದುಡಿಯುವವನಿಗೆ ಕುತೂಹಲವಿಲ್ಲ ಎಂಬುದು ದುಡಿಸಿಕೊಳ್ಳುವವರು ಹಬ್ಬಿಸಿದ ಮಾತು. ಇಲ್ಲದಿರುವುದು ಕುತೂಹಲವಲ್ಲ, ಪುರಸೊತ್ತು.

ಆದ್ದರಿಂದ ಕೂಲಿಯ ಬೇಡಿಕೆ, ಹೆಸರಿನ ಬೇಡಿಕೆ, ಓದುವ ಹೊತ್ತಿನ ಬೇಡಿಕೆ ಮೂರೂ ಒಂದೇ ಬೇಡಿಕೆ. ಸಂಶೋಧನೆಗೆ ಬೆನ್ನು ಕೊಡುವ ವಿದ್ಯಾರ್ಥಿಗೆ, ತಂತ್ರಜ್ಞನಿಗೆ, ಯಂತ್ರ ನಡೆಸುವ ಆಳಿಗೆ ಬದುಕುವಷ್ಟು ವೇತನವೂ ಪ್ರಬಂಧದಲ್ಲಿ ಹೆಸರೂ ಸಿಗಬೇಕು. ಕೋಲಾರದ ಗಣಿಯಲ್ಲಿ 1965ರಲ್ಲಿ ನಡೆದದ್ದು ನಮ್ಮ ಶಾಲೆಯ ಪುಸ್ತಕದಲ್ಲಿ ಬರಬೇಕು, ಗಣಿ ಕಾರ್ಮಿಕರ ಹೆಸರಿನೊಡನೆ ಬರಬೇಕು. ಪ್ರತಿ ಜಿಲ್ಲಾ ಗ್ರಂಥಾಲಯದಲ್ಲಿ ಒಂದು ದೂರದರ್ಶಕವಿರಲಿ. ಪಾಳಿ ಮುಗಿಸಿ ಬಂದವನು ಮಕ್ಕಳ ಕೈಹಿಡಿದು ಬಂದು ಶನಿಯ ಬಳೆ ನೋಡುವಂತಾಗಲಿ. ಇದಕ್ಕೆ ಕೋಟಿಗಟ್ಟಲೆ ಬೇಡ. ಪುರಸಭೆಯ ಒಂದು ಸ್ವಾಗತ ಕಮಾನಿಗೆ ಸುರಿಯುವ ಹಣ ಸಾಕು.

ಇದನ್ನು ದಾನವಾಗಿ ಕೇಳುತ್ತಿಲ್ಲ. ಗಂಟೆಗೆ 25 ಸೆಂಟಿಗೆ ಕಣ್ಣು ಸವೆಸಿದವರ, ಹೇಸರಗತ್ತೆ ಹೊಡೆದವರ, 7,600 ಅಡಿ ಕೆಳಗೆ ಬಂಡೆ ಕೊರೆದವರ ಬಾಕಿ ವಸೂಲಿಗಾಗಿ ಕೇಳುತ್ತಿದ್ದೇವೆ.